ಸೂಜಿಯ ನಂಬರ್ ಕೇಳುವ ಮುಂಚೆ

— ಬನ್ನಿ ಮೇಷ್ಟ್ರೇ. ಕೈಯಲ್ಲೇನು, ಪಾಠದ ಟಿಪ್ಪಣಿನಾ?

— ಪಟ್ಟಿ ಮಾಡ್ಕೊಂಡು ಬಂದಿದೀನಿ. ಎಡಗಡೆ ಬಟ್ಟೆ, ಬಲಗಡೆ ಸೂಜಿ ನಂಬರ್. ಶಿಫಾನ್‌ಗೆ 9, ರೇಷ್ಮೆಗೆ 11, ಹತ್ತಿಗೆ 14, ಪ್ಯಾಂಟ್ ಬಟ್ಟೆಗೆ 16, ಕ್ಯಾನ್ವಾಸ್‌ಗೆ 18. ನೀವು ಒಮ್ಮೆ ನೋಡಿ ಸರಿ ಅಂದ್ರೆ ಮಷಿನ್ ಪಕ್ಕದ ಗೋಡೆಗೆ ಅಂಟಿಸಿಬಿಡ್ತೀನಿ.

— ಅಂಟಿಸಿ, ತಪ್ಪೇನಿಲ್ಲ. ಆದ್ರೆ ಹತ್ತಿಗೆ 14 ಅಂತ ಬರ್ದಿದೀರಲ್ಲ, ಯಾವ ಹತ್ತಿ?

— ಹತ್ತಿ ಅಂದ್ರೆ ಹತ್ತಿ.

— ಈ ಮೇಜಿನ ಮೇಲೇ ನಾಲ್ಕು ಥರದ ಹತ್ತಿ ಬಿದ್ದಿದೆ. ಇದು 2 ಬೈ 2 ರೂಬಿಯಾ, ಬ್ಲೌಸ್‌ದು. ಇದು ಲೈನಿಂಗ್‌ಗೆ ತಂದಿರೋ ಮಲ್ಲು. ಅದು ಖಾದಿ ಜುಬ್ಬದ ತುಂಡು. ಆ ಮೂಲೇಲಿ ಮುದುರಿಕೊಂಡಿರೋದು ಯಾರದೋ ಜೀನ್ಸು, ಅದೂ ಹತ್ತೀನೇ. ಎಲ್ಲಕ್ಕೂ 14 ಹಾಕಿದ್ರೆ ರೂಬಿಯಾಗೂ ಖಾದಿಗೂ ಸರಿಹೋಗುತ್ತೆ. ಮಲ್ಲಿನ ಮೇಲೆ ತೂತು ಸಾಲಾಗಿ ಕಾಣ್ಸುತ್ತೆ. ಜೀನ್ಸಲ್ಲಿ ನಾಲ್ಕು ಪದರ ಸೇರೋ ಕಡೆ ಸೂಜಿ ಬಗ್ಗುತ್ತೆ, ಇಲ್ಲಾ ಮುರಿಯುತ್ತೆ.

— ಅಂದ್ರೆ ದಪ್ಪ ನೋಡಿ ಹಾಕ್ಬೇಕು.

— ಎಲ್ಲರೂ ಹೇಳೋದು ಅದನ್ನೇ. ನಾನು ದಪ್ಪ ನೋಡೋದು ಆಮೇಲೆ. ಮೊದಲು ಬಟ್ಟೇನ ಕಿಟಕಿ ಬೆಳಕಿಗೆ ಹಿಡೀತೀನಿ. ತಗೊಳ್ಳಿ, ಇದನ್ನ ಹಿಡೀರಿ, ಮಲ್ಲು. ಏನ್ ಕಾಣುತ್ತೆ?

— ಆಚೆ ಮನೆ ಕಾಂಪೌಂಡು ಕಾಣುತ್ತೆ.

— ಈಗ ಇದನ್ನ. ಷರ್ಟಿನ ಪಾಪ್ಲಿನ್.

— ಬೆಳಕು ಬರ್ತಿದೆ, ಆಚೆ ಏನೂ ಕಾಣ್ತಿಲ್ಲ.

— ಎರಡನ್ನೂ ಬೆರಳಲ್ಲಿ ಹಿಡಿದ್ರೆ ದಪ್ಪದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಎರಡೂ ತೆಳು. ಆದ್ರೆ ಪಾಪ್ಲಿನ್‌ನಲ್ಲಿ ಎಳೆಗಳು ಒತ್ತೊತ್ತಾಗಿ ಕೂತಿವೆ, ಸೂಜಿಗೆ ಜಾಗ ಬಿಡಲ್ಲ. ಸೂಜಿಗೆ ಗೊತ್ತಾಗೋದು ಅದು. ಬಟ್ಟೆ ಎಷ್ಟು ದಪ್ಪ ಅನ್ನೋದಕ್ಕಿಂತ, ಎಳೆ ಸರಿದು ದಾರಿ ಕೊಡುತ್ತಾ ಇಲ್ವಾ ಅನ್ನೋದು.

— ತಡೀರಿ, ಇದನ್ನ ಲೆಕ್ಕ ಹಾಕಬಹುದು. ಇಂಚಿಗೆ 120 ಎಳೆ ಇರೋ ಬಟ್ಟೆ ಅಂತ ಇಟ್ಕೊಳ್ಳೋಣ. ಇಂಚಿಗೆ 25.4 ಮಿಲಿಮೀಟರ್. ಭಾಗಿಸಿದ್ರೆ ಒಂದೊಂದು ಎಳೆಗೆ ಸಿಗೋ ಜಾಗ 0.21 ಮಿ.ಮೀ. ನಿಮ್ಮ 14 ನಂಬರ್ ಸೂಜಿ ಎಷ್ಟು ದಪ್ಪ?

— ಪೊಟ್ಟಣದ ಮೇಲೆ 90/14 ಅಂತ ಇರುತ್ತಲ್ಲ, ಆ 90 ಅಂದ್ರೆ ಸೂಜಿ ಮೈ 0.9 ಮಿ.ಮೀ. ಅಂತ. ಗಾರ್ಮೆಂಟ್ಸ್‌ನಲ್ಲಿ ಇದ್ದಾಗ ಮೆಕ್ಯಾನಿಕ್ ಹೇಳಿಕೊಟ್ಟಿದ್ದು. 75/11 ಅಂದ್ರೆ ಮುಕ್ಕಾಲು ಮಿ.ಮೀ., 100/16 ಅಂದ್ರೆ ಸರಿಯಾಗಿ ಒಂದು. ಹಿಂದಿನ ನಂಬರ್ ನೇರ ಅಳತೆ. ಮುಂದಿನದು, ಈ 11, 14, 16, ಸಿಂಗರ್ ಕಾಲದಿಂದ ಬಂದಿರೋ ಹೆಸರು ಅಷ್ಟೆ, ಅದರಲ್ಲಿ ಅಳತೆ ಹುಡುಕಬೇಡಿ.

— ಒಳ್ಳೇದು. ಹಾಗಾದ್ರೆ 0.9 ಮಿ.ಮೀ. ಸೂಜಿ ನಾಲ್ಕು ಎಳೆಗಳ ಜಾಗ ಕೇಳುತ್ತೆ. ಎರಡು ಎಳೆಗಳ ಮಧ್ಯೆ ನುಸುಳೋ ಪ್ರಶ್ನೇನೇ ಇಲ್ಲ. ನಾಲ್ಕು ಎಳೆಗಳನ್ನ ಒತ್ತರಿಸಲೇಬೇಕು.

— ಒತ್ತರಿಸಬೇಕು, ಇಲ್ಲಾ ಕತ್ತರಿಸಬೇಕು. ಎರಡೇ ದಾರಿ.

— ಇನ್ನೊಂದು. ತೂತಿನ ವಿಸ್ತೀರ್ಣ ಅಳತೆಯ ವರ್ಗದ ಲೆಕ್ಕದಲ್ಲಿ ಬೆಳೆಯುತ್ತೆ. 11ರಿಂದ 16ಕ್ಕೆ ಹೋದ್ರೆ ಕಾಲು ಮಿ.ಮೀ. ಹೆಚ್ಚಾಯ್ತು ಅಷ್ಟೆ, ಕೂದಲೆಳೆಯಷ್ಟು ಅನ್ಸುತ್ತೆ. ಆದ್ರೆ ತೂತು ಸುಮಾರು ಮುಕ್ಕಾಲು ಪಾಲು ದೊಡ್ಡದಾಗುತ್ತೆ. ಇಂಚಿಗೆ 12 ಹೊಲಿಗೆ ಹಾಕಿದ್ರೆ 16 ಇಂಚಿನ ಸೀಮಿಗೆ 192 ಅಂಥ ತೂತು.

— ನಿಮ್ಮ ಪಟ್ಟಿಗಿಂತ ಈ ಲೆಕ್ಕ ಚೆನ್ನಾಗಿದೆ. ಇದನ್ನ ಗೋಡೆಗೆ ಅಂಟಿಸಿ. ಎಷ್ಟೋ ಅಂಗಡೀಲಿ ಬ್ಲೌಸಿಗೂ 16, ಪರದೆಗೂ 16, ಬ್ಯಾಗಿಗೂ 16. ಮುರಿಯಲ್ಲ ಅಂತ ಒಂದೇ ಕಾರಣ. ಸೂಜಿ ಮುರಿಯಲ್ಲ ನಿಜ, ಬಟ್ಟೆ ಕಥೆ ಏನು?

— ಏನಾಗುತ್ತೆ ಹೇಳಿ.

— ಪಾಪ್ಲಿನ್ ತಗೊಳ್ಳಿ. ದಪ್ಪ ಸೂಜಿ ಹೋಯ್ತು, ಎಳೆಗಳನ್ನ ಅತ್ತಿತ್ತ ತಳ್ತು, ತಾನು ಎದ್ದುಬಂತು, ದಾರಾನ ಅಲ್ಲಿ ಬಿಟ್ಟುಬಂತು. ಮೊದಲೇ ತುಂಬಿದ ಬಸ್ಸು, ಅದಕ್ಕೆ ಇನ್ನಿಬ್ಬರು ಹತ್ತಿದ್ರು, ಮೇಲಿನ ದಾರ ಒಬ್ಬ, ಬಾಬಿನ್ ದಾರ ಒಬ್ಬ. ಎಳೆಗಳಿಗೆ ನಿಲ್ಲೋಕೆ ಜಾಗ ಇಲ್ಲ, ಬಟ್ಟೆ ಸಣ್ಣಗೆ ಸುಕ್ಕು ಹಿಡಿಯುತ್ತೆ. ಷರ್ಟಿನ ಗುಂಡಿಪಟ್ಟಿ ಪಕ್ಕ ಅಲೆ ಅಲೆಯಾಗಿ ಇರುತ್ತಲ್ಲ, ಇಸ್ತ್ರಿ ಹಾಕಿದ್ರೂ ಹೋಗಲ್ಲ, ಒಗೆದ ಮೇಲೆ ಮತ್ತೆ ಬರುತ್ತೆ, ಅದು. ಜನ ಟೆನ್ಷನ್ ತಿರುಗಿಸ್ತಾರೆ. ಸಡಿಲ ಮಾಡಿದ್ರೆ ಸ್ವಲ್ಪ ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ. ಹೋಗಬೇಕಾದ್ರೆ ಸೂಜಿನೂ ಸಣ್ಣದಾಗಬೇಕು, ದಾರಾನೂ ಸಣ್ಣದಾಗಬೇಕು. ಒಂದು ತಮಾಷೆ ಗೊತ್ತಾ, ಅದೇ ಬಟ್ಟೇನ ಸ್ವಲ್ಪ ಓರೆಯಾಗಿ ಕತ್ತರಿಸಿ ಹೊಲಿದ್ರೆ ಸುಕ್ಕು ಕಮ್ಮಿ.

— ಯಾಕೆ ಅಂತ ಗೊತ್ತಾಯ್ತು. ನೇರ ಹೊಲಿದ್ರೆ ಪ್ರತಿ ಹೊಲಿಗೆನೂ ಅದೇ ಹಾಸಿನ ಎಳೆಗಳ ಮಧ್ಯೆ ಬೀಳುತ್ತೆ, ಒತ್ತಡ ಎಲ್ಲಾ ಆ ನಾಲ್ಕೈದು ಎಳೆಗಳ ಮೇಲೆ. ಓರೆಯಾದ್ರೆ ಹಂಚಿಹೋಗುತ್ತೆ.

— ನೋಡಿ, ಕಾರಣ ನೀವು ಹೇಳಿದ್ರಿ, ನನಗೆ ಕೆಲಸ ಮಾತ್ರ ಗೊತ್ತಿತ್ತು.

— ನನ್ನದೊಂದು ಸಂಶಯ. ಸೂಜಿ ತುದಿ ಚೂಪಾಗಿದ್ರೆ ಎಳೆ ಕತ್ತರಿಸಿ ಹೋಗಲ್ವಾ? ಹಾಗಿದ್ರೆ ಮೊಂಡು ಸೂಜಿನೇ ಒಳ್ಳೇದಲ್ವಾ, ಎಳೆ ತಳ್ಳಿಕೊಂಡು ಹೋಗುತ್ತೆ.

— ಅದು ಬನಿಯನ್ನಿಗೆ, ಟೀ ಷರ್ಟಿಗೆ. ಅವು ನೇಯ್ದ ಬಟ್ಟೆ ಅಲ್ಲ, ಕುಣಿಕೆ ಕುಣಿಕೆ ಹಾಕಿ ಹೆಣೆದದ್ದು. ಒಂದು ಕುಣಿಕೆ ತುಂಡಾದ್ರೆ ಅಲ್ಲಿಂದ ಏಣಿ ಥರ ಬಿಚ್ಚಿಕೊಂಡು ಹೋಗುತ್ತೆ. ಅದಕ್ಕೆ ತುದಿ ಗುಂಡಗಿರೋ ಬಾಲ್ ಪಾಯಿಂಟ್ ಸೂಜಿ. ನೇಯ್ದ ಬಟ್ಟೇಲಿ ಹಾಸು ಹೊಕ್ಕು ಒಂದರ ಮೇಲೊಂದು ಹಾದು ಬಿಗಿಯಾಗಿ ನಿಂತಿರುತ್ತೆ. ಅಲ್ಲಿ ಗುಂಡು ತುದಿ ಎಳೆಗೆ ಬಡಿದು ಪಕ್ಕಕ್ಕೆ ಜಾರುತ್ತೆ. ನೀವು ಸೀದಾ ಹೊಲಿತಾ ಇದೀನಿ ಅಂದ್ಕೊಂಡಿರ್ತೀರ, ಹೊಲಿಗೆ ಸಾಲು ಸಣ್ಣಗೆ ಅಂಕುಡೊಂಕು. ಕಾಲರ್ ಅಂಚಿನ ಮೇಲಿನ ಹೊಲಿಗೆಯಲ್ಲಿ ಅದು ಎದ್ದು ಕಾಣುತ್ತೆ. ಬಟ್ಟೆ ತೀರಾ ಒತ್ತಾಗಿದ್ರೆ ಟಕ್ ಟಕ್ ಅಂತ ಶಬ್ದನೂ ಬರುತ್ತೆ.

— ಹಾಗಾದ್ರೆ ನೇಯ್ದದ್ದಕ್ಕೆ ಚೂಪು, ಹೆಣೆದದ್ದಕ್ಕೆ ಗುಂಡು.

— ಅಷ್ಟು ನೆನಪಿಟ್ಕೊಂಡ್ರೆ ಸಾಕು. ಯಾವುದು ಅಂತ ಗೊತ್ತಾಗದಿದ್ರೆ ಕತ್ತರಿಸಿದ ಅಂಚು ನೋಡಿ. ನೇಯ್ದದ್ದಾದ್ರೆ ಉದ್ದುದ್ದ ಎಳೆ ಉದುರುತ್ತೆ. ಅಂಗಡೀಲಿ ಯೂನಿವರ್ಸಲ್ ಅಂತ ಒಂದು ಸೂಜಿ ಕೊಡ್ತಾರೆ, ಅದರ ತುದಿ ತೀರಾ ಚೂಪೂ ಅಲ್ಲ, ಗುಂಡೂ ಅಲ್ಲ, ಒಂದು ಚೂರು ಮೊನೆ ತೇದಿರುತ್ತೆ. ಮನೆಯ ಮಾಮೂಲು ನೇಯ್ದ ಬಟ್ಟೆಗೆಲ್ಲ ಅದೇ ಸಾಕು. ದಿಂಬಿನ ಕವರ್, ಪರದೆ, ಖಾದಿ, ಚೂಡಿದಾರ್ ಟಾಪ್, ಏನೂ ತೊಂದರೆ ಇಲ್ಲ. ಮೈಕ್ರೋಟೆಕ್ಸ್ ಅಂತ ಇನ್ನೊಂದಿದೆ, ತುದಿ ಬಹಳ ಸಪೂರ, ಬಹಳ ಚೂಪು. ರೇಷ್ಮೆಗೆ, ಒತ್ತಾದ ಪಾಲಿಯೆಸ್ಟರ್‌ಗೆ ಅದು. ಆನ್‌ಲೈನ್‌ನಲ್ಲಿ ಸಿಗುತ್ತೆ, ಬೆಲೆ ಜಾಸ್ತಿ. ದೊಡ್ಡ ಬ್ರ್ಯಾಂಡಿನ ಸೂಜಿಗಳ ಕುತ್ತಿಗೆಗೆ ಬಣ್ಣ ಬಳಿದಿರ್ತಾರೆ, ಮೈಕ್ರೋಟೆಕ್ಸಿಗೆ ನೇರಳೆ, ಜೀನ್ಸಿನದಕ್ಕೆ ನೀಲಿ. ಕಣ್ಣು ಮಂಜಾದವರಿಗೆ ಉಪಕಾರ.

— ಲೆದರ್ ಸೂಜಿ ಗಟ್ಟಿ ಅಂತಾರೆ. ಕ್ಯಾನ್ವಾಸ್ ಬ್ಯಾಗಿಗೆ ಹಾಕಿದ್ರೆ ಹೇಗೆ?

— ಬೇಡ್ವೇ ಬೇಡ. ಅದರ ತುದೀಲಿ ಪುಟ್ಟ ಚಾಕು ಇರುತ್ತೆ, ಚರ್ಮ ಸೀಳೋಕೆ ಅಂತಾನೇ ಮಾಡಿರೋದು. ಕ್ಯಾನ್ವಾಸಿನ ಎಳೆನೂ ಸೀಳುತ್ತೆ. ಹೊಲಿಗೆ ನೋಡೋಕೆ ಚೆನ್ನಾಗೇ ಬರುತ್ತೆ, ಬ್ಯಾಗಿಗೆ ಎರಡು ಕೆಜಿ ಈರುಳ್ಳಿ ಹಾಕಿದ ದಿನ ಅಂಚೆಚೀಟಿ ಹರಿದ ಹಾಗೆ ತೂತಿನ ಸಾಲಿನುದ್ದಕ್ಕೂ ಹರಿಯುತ್ತೆ.

— ಸರಿ, ಬಟ್ಟೆ ನೋಡಿದ್ದಾಯ್ತು, ತುದಿ ನೋಡಿದ್ದಾಯ್ತು. ಇನ್ನು ನಂಬರ್ ಹೇಳಿ.

— ಇನ್ನೂ ಇಲ್ಲ. ದಾರ ಎಲ್ಲಿ?

— ದಾರಕ್ಕೂ ಸೂಜಿಗೂ ಏನು? ಕಣ್ಣಲ್ಲಿ ತೂರಿದ್ರೆ ಆಯ್ತಲ್ಲ.

— ತೂರಿದ್ರೆ ಸಾಲದು ಮೇಷ್ಟ್ರೇ, ಓಡಾಡಬೇಕು. ಮೇಲಿನ ದಾರ ಒಂದೇ ಸಲ ಕಣ್ಣು ದಾಟಿ ಬಟ್ಟೇಲಿ ಕೂತುಬಿಡಲ್ಲ. ಶಟಲ್ ಅದನ್ನ ಕೆಳಗೆಳೆದು ಬಾಬಿನ್ ಸುತ್ತ ತಿರುಗಿಸುತ್ತೆ, ಆಮೇಲೆ ಮೇಲಿನ ಲಿವರ್ ವಾಪಸ್ ಎಳ್ಕೊಳ್ಳುತ್ತೆ. ಒಂದೊಂದು ಹೊಲಿಗೆಗೂ ಅದೇ ಎಳೆದಾಟ. ಒಂದು ಇಂಚು ದಾರ ಬಟ್ಟೇಲಿ ನೆಲೆ ನಿಲ್ಲೋ ಹೊತ್ತಿಗೆ ಆ ಕಣ್ಣಿನ ಮೂಲಕ ಹತ್ತಾರು ಸಲ ಹೋಗಿ ಬಂದಿರುತ್ತೆ. ಕಣ್ಣು ಇಕ್ಕಟ್ಟಾದ್ರೆ ಅಷ್ಟು ಸಲ ಉಜ್ಜಿಸಿಕೊಂಡು ಜುಂಗು ಏಳುತ್ತೆ, ಆಮೇಲೆ ಕಿತ್ತುಹೋಗುತ್ತೆ. ದಾರದ ಕಂಪನಿಗೆ ಬೈತಾರೆ.

— ಪರೀಕ್ಷೆ ಮಾಡೋದು ಹೇಗೆ?

— ಒಂದು ಅಡಿ ದಾರ ಕತ್ತರಿಸಿ. ಮಷಿನ್‌ಗೆ ಹಾಕದೆ ಇರೋ ಸೂಜಿಗೆ ಅದನ್ನ ಪೋಣಿಸಿ, ಎರಡೂ ತುದಿ ಹಿಡಿದು ಓರೆಯಾಗಿ ಬಿಗಿ ಮಾಡಿ. ಸೂಜಿ ಮೇಲಿನ ತುದೀಲಿರಲಿ. ಈಗ ಬಿಡಿ. ಸೂಜಿ ತನ್ನಷ್ಟಕ್ಕೆ ತಿರುತಿರುಗಿ ಕೆಳಗೆ ಜಾರಿದ್ರೆ ಜೋಡಿ ಸರಿಯಾಗಿದೆ. ಅಲ್ಲೇ ನಿಂತ್ರೆ ಕಣ್ಣು ಚಿಕ್ಕದು. ಎಲ್ಲೂ ತಡೆಯಿಲ್ಲದೆ ಸೊಯ್ಯಂತ ಬಿದ್ರೆ ಕಣ್ಣು ದೊಡ್ಡದು, ಒಂದು ನಂಬರ್ ಇಳಿಸಬಹುದು.

— ಇಳಿಜಾರಿನ ಪ್ರಯೋಗ! ಹೈಸ್ಕೂಲಲ್ಲಿ ಮಾಡಿಸಬಹುದಿತ್ತು. ದಾರದಲ್ಲೂ ನಂಬರ್ ಇದೆಯಲ್ಲ?

— ಇದೆ, ಅಲ್ಲೇ ಜನ ಎಡವೋದು. ದಾರದ ಟಿಕೆಟ್ ನಂಬರ್ ದೊಡ್ಡದಾದಷ್ಟೂ ದಾರ ಸಣ್ಣ. 120 ಟಿಕೆಟ್ ಅಂದ್ರೆ ಬ್ಲೌಸು, ಷರ್ಟಿಗೆ ಹಾಕೋ ಮಾಮೂಲು ದಾರ. 40 ಅಂದ್ರೆ ಜೀನ್ಸ್ ಮೇಲೆ ಕೇಸರಿ ಬಣ್ಣದಲ್ಲಿ ಕಾಣೋ ದಪ್ಪ ದಾರ. ಮಷಿನ್ ಸೂಜೀಲಿ ಉಲ್ಟಾ, ನಂಬರ್ ದೊಡ್ಡದಾದಷ್ಟೂ ದಪ್ಪ. ಕೈಸೂಜಿ ತಗೊಂಡ್ರೆ ಅದು ಮತ್ತೆ ಉಲ್ಟಾ, ಹತ್ತನೇ ನಂಬರ್ ಏಳಕ್ಕಿಂತ ಸಣ್ಣ.

— ಯಾರು ಮಾಡಿದ್ರು ಈ ವ್ಯವಸ್ಥೆನ? ಸೂಜಿ ತುದೀಲಿ ಕಣ್ಣಿಟ್ಟು 1846ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ತಗೊಂಡ ಎಲಿಯಾಸ್ ಹೋವ್ ಬಗ್ಗೆ ಪಾಠ ಮಾಡಿದೀನಿ. ಈ ನಂಬರ್ ಗೊಂದಲ ಪಠ್ಯದಲ್ಲಿ ಇರಲಿಲ್ಲ.

— ಪಠ್ಯ ಬರೆದವರು ದಾರ ಕೊಂಡಿರಲ್ಲ ಬಿಡಿ. ಈಗ ಈ ಸೂಜೀನ ಹೀಗೆ ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ಮೇಲಿಂದ ಕಣ್ಣಿನವರೆಗೆ ಉದ್ದಕ್ಕೂ ಒಂದು ಸಣ್ಣ ಕಾಲುವೆ ಇದೆ. ಇನ್ನೊಂದು ಕಡೆ ಕಣ್ಣಿನ ಮೇಲ್ಗಡೆ ಮಾತ್ರ ಒಂದು ತಗ್ಗು ಕೆತ್ತಿದಾರೆ.

— ಕಾಣ್ತಿದೆ. ಭೂತಗನ್ನಡಿ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು.

— ಸೂಜಿ ಬಟ್ಟೆ ಒಳಗೆ ಇಳಿವಾಗ ದಾರ ಆ ಕಾಲುವೆ ಒಳಗೆ ಅಡಗಿಕೊಂಡು ಇಳಿಯುತ್ತೆ, ಬಟ್ಟೆಗೆ ಉಜ್ಜಲ್ಲ. ತಳಕ್ಕೆ ಹೋದ ಸೂಜಿ ಒಂದೆರಡು ಮಿ.ಮೀ. ಮೇಲೇಳುತ್ತೆ ನೋಡಿ, ಆವಾಗ ತಗ್ಗಿನ ಕಡೆಯ ದಾರ ಬಟ್ಟೇಲಿ ಸಿಕ್ಕಿಕೊಂಡು ಹಿಂದೆ ಉಳಿಯುತ್ತೆ, ಕುಣಿಕೆಯಾಗಿ ಉಬ್ಬುತ್ತೆ. ಶಟಲ್ಲಿನ ಮೂತಿ ಬಂದು ಆ ಕುಣಿಕೆ ಒಳಗೆ ತೂರಿಕೊಳ್ಳುತ್ತೆ. ಆ ಗಳಿಗೇಲಿ ಕುಣಿಕೆ ಇಲ್ಲ ಅಂದ್ರೆ ಹೊಲಿಗೆ ಜಂಪ್.

— ಅಂದ್ರೆ ಬಟ್ಟೆ ದಾರಾನ ಹಿಡೀಬೇಕು. ಘರ್ಷಣೆ ಬೇಕು. ಸೂಜಿ ತೀರಾ ದಪ್ಪವಾಗಿದ್ರೆ ತೂತು ಸಡಿಲ, ಬಟ್ಟೆ ದಾರ ಹಿಡಿಯಲ್ಲ, ಕುಣಿಕೆ ಉಬ್ಬಲ್ಲ. ತೀರಾ ಸಣ್ಣ ಆದ್ರೆ ದಾರ ಕಾಲುವೇಲಿ ಹಿಡಿಸಲ್ಲ, ಎರಡೂ ಕಡೆ ಉಜ್ಜುತ್ತೆ. ಎರಡಕ್ಕೂ ರೋಗ ಒಂದೇ, ಜಂಪ್.

— ಸರಿಯಾಗಿ ಹಿಡಿದ್ರಿ. ಅದಕ್ಕೇ ಹೊಲಿಗೆ ಜಂಪ್ ಆಯ್ತು ಅಂದ ತಕ್ಷಣ ದಪ್ಪ ಸೂಜಿ ಹಾಕೋದು ಕೆಟ್ಟ ಅಭ್ಯಾಸ. ಸೂಜಿ ಕೂರಿಸೋದೂ ಇಲ್ಲೇ ಬಂತು. ದಾರ ಯಾವ ಕಡೆಯಿಂದ ಕಣ್ಣಿಗೆ ಹೋಗುತ್ತೋ ಕಾಲುವೆ ಆ ಕಡೆ ಇರಬೇಕು, ಚಪ್ಪಟೆ ಬದಿ ಅದರ ಎದುರಿಗೆ. ಕಪ್ಪು ಮಷಿನ್ ಆಗಲಿ, ಹೊಸ ಜಿಗ್‌ಜಾಗ್ ಮಷಿನ್ ಆಗಲಿ, ಆ ಲೆಕ್ಕ ತಪ್ಪಲ್ಲ. ಪೂರ್ತಿ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿ ಮಾಡಿ. ಅರ್ಧ ಮಿ.ಮೀ. ಇಳಿದ್ರೂ ಶಟಲ್ಲಿಗೂ ಕುಣಿಕೆಗೂ ಭೇಟಿ ತಪ್ಪುತ್ತೆ.

— ನಮ್ಮನೆ ಪೊಟ್ಟಣದ ಮೇಲೆ ಎಚ್‌ಎ ಇಂಟು 1 ಅಂತಿದೆ. ಇನ್ನೊಂದರ ಮೇಲೆ 130/705 ಎಚ್.

— ಎರಡೂ ಮನೆ ಮಷಿನ್ನಿನವೇ, ತಲೆ ಒಂದು ಕಡೆ ಚಪ್ಪಟೆ. ಡಿಬಿ ಇಂಟು 1 ಅಂತ ಇದ್ರೆ ಮುಟ್ಟಬೇಡಿ. ಅದು ಗಾರ್ಮೆಂಟ್ಸ್‌ನ ಜೂಕಿ ಮಷಿನ್ನಿಗೆ, ತಲೆ ಪೂರ್ತಿ ಗುಂಡಗಿರುತ್ತೆ.

— ನೀವು ಅಲ್ಲಿ ಎಷ್ಟು ವೇಗದಲ್ಲಿ ಹೊಲೀತಿದ್ರಿ?

— ಮಷಿನ್ ನಿಮಿಷಕ್ಕೆ 4,000 ಹೊಲಿಗೆ ದಾಟುತ್ತೆ. ಆ ವೇಗಕ್ಕೆ ಸೂಜಿ ಕಾದು ಕೆಂಡ. ಪಾಲಿಯೆಸ್ಟರ್ ಕರಗೋದು 250, 260 ಡಿಗ್ರಿಗೆ. ಓಡ್ತಾ ಇರೋವಾಗ ಏನೂ ಆಗಲ್ಲ, ದಾರ ನಿಲ್ಲದೆ ಸಾಗ್ತಾ ಇರುತ್ತೆ. ಕಾಲು ತೆಗೆದು ನಿಲ್ಲಿಸಿದ್ರಿ ಅನ್ನಿ, ಕಣ್ಣೊಳಗೆ ನಿಂತ ದಾರ ಅಲ್ಲೇ ಕರಗಿ ತುಂಡಾಗುತ್ತೆ. ನಿಮಗೆ ಆ ಚಿಂತೆ ಬೇಡ. ತುಳಿಯೋ ಮಷಿನ್ನಲ್ಲಿ ಸೂಜಿ ಕಾಯೋ ಮುಂಚೆ ನಿಮ್ಮ ಮಂಡಿ ನೋಯುತ್ತೆ.

— ಅದು ಸತ್ಯ. ಈಗ ಏನು ಹೊಲೀತಿದೀರಿ?

— ಮೈಸೂರ್ ಸಿಲ್ಕು. ಸೀರೆಯಲ್ಲೇ ಬಂದ ಬ್ಲೌಸ್ ಪೀಸು. ಹೀಗೆ ಬನ್ನಿ, ಬೆಳಕಿಗೆ ಅಡ್ಡ ನಿಲ್ಲಬೇಡಿ. ಕ್ರೇಪ್ ಇದು, ಎಳೆಗಳನ್ನ ಬಿಗಿಯಾಗಿ ಹುರಿ ಮಾಡಿ ನೇಯ್ದಿರ್ತಾರೆ, ಅದಕ್ಕೇ ಮುಟ್ಟಿದ್ರೆ ಮರಳು ಮರಳು. ಮಾನಂದವಾಡಿ ರಸ್ತೆ ಕಾರ್ಖಾನೇದು.

— 1912ರಲ್ಲಿ ಶುರುವಾದ ಕಾರ್ಖಾನೆ. ನಾಲ್ವಡಿಯವರ ಕಾಲ.

— ಇರಬಹುದು. ನನಗೆ ಗೊತ್ತಿರೋದು ಇದರಲ್ಲಿ ಬಿಚ್ಚಿ ಹೊಲಿಯೋ ಹಾಗಿಲ್ಲ ಅನ್ನೋದು. ನೋಡಿ, ಕಂಕುಳ ಹತ್ರ ಕತ್ತರಿಸಿ ಉಳಿದ ತುಂಡು. ಇದರ ಮೇಲೆ 14ರಲ್ಲಿ ಒಂದು ಸಾಲು ಹಾಕಿದೀನಿ, ಪಕ್ಕದಲ್ಲಿ 11ರಲ್ಲಿ ಒಂದು ಸಾಲು. ಈಗ ಎರಡನ್ನೂ ಬಿಚ್ತೀನಿ. ಉಗುರಿನ ಹಿಂಬದಿಯಿಂದ ಹೀಗೆ ಅಡ್ಡಕ್ಕೂ ಉದ್ದಕ್ಕೂ ಸವರ್ತೀನಿ, ಎಳೆ ಜಾಗಕ್ಕೆ ಬರಲಿ ಅಂತ. ಈಗ ಹೇಳಿ.

— ಒಂದು ಸಾಲು ಮುಚ್ಚಿಕೊಳ್ತು. ಇನ್ನೊಂದು ಹಾಗೇ ಇದೆ, ಚುಕ್ಕಿ ಚುಕ್ಕಿ. ಒಂದೆರಡು ಕಡೆ ಸಣ್ಣ ಗೀರು ಎಳೆದ ಹಾಗಿದೆ, ಬಟ್ಟೆ ಅಡ್ಡಕ್ಕೆ.

— ಆ ಗೀರೇ ನೋಡಬೇಕಾಗಿದ್ದು. ಸೂಜಿ ಎಳೇನ ಸರಿಸೋಕೆ ಆಗದೆ ಹಿಡಿದು ಎಳೆದಿದೆ. ಸೂಜಿ ತುದಿ ಮೊಂಡಾಗಿದ್ರೂ ಇದೇ ಆಗುತ್ತೆ, ಆಗ ನಂಬರ್ ಇಳಿಸಿ ಪ್ರಯೋಜನ ಇಲ್ಲ, ಹೊಸ ಸೂಜಿ ಹಾಕಬೇಕು. ಹತ್ತಿ ಆಗಿದ್ರೆ ಒಗೆದ ಮೇಲೆ ತೂತು ತಾನೇ ಮುಚ್ಚಿಕೊಳ್ತಿತ್ತು, ರೇಷ್ಮೆ ಅಷ್ಟು ಸುಲಭಕ್ಕೆ ಮರೆಯಲ್ಲ. ಅದಕ್ಕೇ ಮೊದಲು ಕಚ್ಚಾ ಹೊಲಿಗೆ ಹಾಕಿ ಅಳತೆ ನೋಡ್ತೀನಿ. ಕಚ್ಚಾ ಹೊಲಿಗೆನೂ ಸೀಮಿನ ಒಳಗಡೆ, ಹೊರಗಡೆ ಅಲ್ಲ. ಆಮೇಲೆ 11ರ ಹೊಸ ಸೂಜಿ, 120 ದಾರ, ಹೊಲಿಗೆ ಚಿಕ್ಕದು.

— ಸೂಜಿ ಇಷ್ಟು ಸಣ್ಣ ಇದ್ದು, ಭುಜದ ಹತ್ರ ರೇಷ್ಮೆ, ಲೈನಿಂಗು, ಪಟ್ಟಿ ಎಲ್ಲಾ ಸೇರಿದಾಗ?

— ಆರೇಳು ಪದರ ಆಗುತ್ತೆ. ಆದ್ರೂ ಸೂಜಿ ಬದಲಾಯಿಸಲ್ಲ. ಕಾಲು ತೆಗೆದು ಕೈಚಕ್ರ ತಿರುಗಿಸಿ ಆ ಅರ್ಧ ಇಂಚು ದಾಟಿಸ್ತೀನಿ. ಬರೀ ಅರ್ಧ ಇಂಚಿಗಾಗಿ 16 ಹಾಕಿ ಇಡೀ ಬ್ಲೌಸಿಗೆ ತೂತು ಮಾಡೋದು ಯಾವ ನ್ಯಾಯ? ಸೂಜಿ ಆರಿಸಬೇಕಾದ್ದು ಬಟ್ಟೆಯ ಹೆಚ್ಚಿನ ಭಾಗ ನೋಡಿ, ದಪ್ಪ ಮೂಲೆ ನೋಡಿ ಅಲ್ಲ.

— ಜರಿ ಅಂಚು?

— ಜರಿ ಅಂದ್ರೆ ಎಳೆ ಮೇಲೆ ಲೋಹದ ತಂತಿ ಸುತ್ತಿರೋದು. ಮೊಂಡು ಸೂಜಿ ಆ ತಂತೀನ ಕೆರೆದು ಬಿಚ್ಚುತ್ತೆ, ಹೊಲಿಗೆ ಪಕ್ಕ ಒಳಗಿನ ನೂಲು ಇಣುಕುತ್ತೆ. ತೋಳಿನ ಅಂಚು ಮಡಿಚೋ ಕಡೆ ನಾನು ಮಷಿನ್ನೇ ಹಾಕಲ್ಲ, ಕೈಯಲ್ಲಿ ಹೆಮ್ಮಿಂಗ್. ಗುಳೇದಗುಡ್ಡದ ಖಣ ತಂದ್ರೆ ಅದು ಬೇರೆ. ರೇಷ್ಮೆ ಹತ್ತಿ ಸೇರಿಸಿ ನೇಯ್ದಿರ್ತಾರೆ, ಮೈ ತುಂಬಾ ಬುಟ್ಟ, ಸಣ್ಣ ತಪ್ಪನ್ನೆಲ್ಲ ಅದು ನುಂಗಿಕೊಳ್ಳುತ್ತೆ. 14 ಹಾಕಿದ್ರೂ ಗೊತ್ತಾಗಲ್ಲ. ಅದರ ತಾಪತ್ರಯ ಅಂಚು ಬಿಡೋದು, ಕತ್ತರಿಸಿದ ತಕ್ಷಣ ಓವರ್‌ಲಾಕ್ ಮಾಡಬೇಕು.

— ನಮ್ಮ ಸೊಸೆ ಬ್ಲೌಸು ಬೆನ್ನಲ್ಲಿ ಬಾಯಿ ಬಿಟ್ಟಿದೆ. ಹೊಲಿಗೆ ಕಿತ್ತಿಲ್ಲ, ಪಕ್ಕದ ಬಟ್ಟೇನೇ ಜಾಳು ಜಾಳಾಗಿ ಸರಿದಿದೆ. ಸೂಜಿ ತಪ್ಪಾ?

— ಅದಕ್ಕೆ ಸೂಜೀನ ದೂರಬೇಡಿ. ನುಣುಪು ಎಳೆಯ ರೇಷ್ಮೆ, ಜಾರ್ಜೆಟ್ ಬಿಗಿಯಾಗಿ ಹೊಲಿಸಿಕೊಂಡ್ರೆ ಎಳೆಗಳು ಹೊಲಿಗೆಯಿಂದ ಜಾರಿ ದೂರ ಹೋಗುತ್ತೆ. ಸೀಮಿಗೆ ಬಟ್ಟೆ ಜಾಸ್ತಿ ಬಿಡಬೇಕು, ಹೊಲಿಗೆ ಒತ್ತಾಗಿ ಹಾಕಬೇಕು, ಇನ್ನೊಂದು ಅರ್ಧ ಇಂಚು ಸಡಿಲ ಇಡಿ ಅಂತ ಹೇಳೋ ಧೈರ್ಯ ಮಾಡಬೇಕು. ಮೂರನೇದು ಕಷ್ಟ.

— ತೆಳು ಬಟ್ಟೆ ಶುರುವಲ್ಲೇ ಒಳಗೆ ಎಳ್ಕೊಳ್ಳುತ್ತಲ್ಲ, ಹಲ್ಲಿನ ಪ್ಲೇಟ್ ತೂತಿಗೆ?

— ಅದರಲ್ಲಿ ಅರ್ಧ ಸೂಜಿಯ ತಪ್ಪು, ಅರ್ಧ ಪ್ಲೇಟಿನ ತಪ್ಪು. ಜಿಗ್‌ಜಾಗ್ ಮಷಿನ್ನಿನ ಪ್ಲೇಟಲ್ಲಿ ತೂತು ಅಗಲ, ಸೂಜಿ ಬಟ್ಟೇನೂ ಜೊತೇಲಿ ಕೆಳಗೆ ತಳ್ಳುತ್ತೆ, ಮೇಲೆ ಬರುವಾಗ ಎತ್ತಿಕೊಂಡೂ ಬರುತ್ತೆ. 9 ಇಲ್ಲಾ 11 ಹಾಕಿ, ಕೆಳಗೊಂದು ನ್ಯೂಸ್‌ಪೇಪರ್ ಪಟ್ಟಿ ಇಟ್ಟು ಹೊಲಿದುಬಿಡಿ. ಹೊಲಿದ ಮೇಲೆ ಪೇಪರ್ ಹರಿದು ತೆಗೀರಿ. ಬಿಳಿ ಬಟ್ಟೆ ಆದ್ರೆ ಅಚ್ಚಿನ ಶಾಯಿ ಹತ್ತುತ್ತೆ, ಬಿಳಿ ಹಾಳೆ ಇಡಿ.

— ಇನ್ನು ಜೀನ್ಸು. ನನಗೆ ಅದೇ ಮುಖ್ಯ. ಮೊಮ್ಮಗನದು ಉದ್ದ ಕಮ್ಮಿ ಮಾಡಬೇಕು.

— ಅದಕ್ಕೆ ಜೀನ್ಸ್ ಸೂಜಿ ಅಂತಾನೇ ಕೇಳಿ, 100/16. ಮಾಮೂಲು 16ಕ್ಕೂ ಅದಕ್ಕೂ ನಂಬರ್ ಒಂದೇ, ಆದ್ರೆ ಇದರ ಮೈ ಗಟ್ಟಿ, ಬಗ್ಗೋದು ಕಮ್ಮಿ, ತುದಿನೂ ಚೂಪು. ಡೆನಿಮ್ಮಿನಲ್ಲಿ ಹಾಸಿನ ಎಳೆ ನೀಲಿ, ಹೊಕ್ಕಿನದು ಬಿಳಿ. ಆ ನೀಲಿ ಎಳೆನೂ ಮೇಲ್ಮೈಯಲ್ಲಿ ಮಾತ್ರ ನೀಲಿ, ಒಳಗೆ ಬಿಳಿ ಉಳಿದಿರುತ್ತೆ. ಮೊಂಡು ಸೂಜಿ ಒಂದು ಎಳೆ ಕಡಿದ್ರೂ ಬಿಳಿ ಚುಕ್ಕಿ ಹಲ್ಲು ಕಿಸಿಯುತ್ತೆ. ಬೇರೆ ಬಟ್ಟೇಲಿ ಮುಚ್ಚಿಡಬಹುದಾದ ತಪ್ಪು ಇದರಲ್ಲಿ ಮುಚ್ಚಲ್ಲ.

— ಅಡ್ಡ ಸೀಮ್ ಬರೋ ಕಡೆ ಮಷಿನ್ ಗುಡ್ಡ ಹತ್ತಿದ ಹಾಗೆ ನರಳುತ್ತೆ.

— ಎಂಟು ಹತ್ತು ಪದರ ಆಗುತ್ತೆ ಅಲ್ಲಿ. ಮೊದಲು ಆ ಗಂಟನ್ನ ಸುತ್ತಿಗೇಲಿ ನಾಲ್ಕು ಏಟು ಬಡೀರಿ, ಬಟ್ಟೆ ಸುತ್ತಿಟ್ಟು ಬಡೀರಿ. ತಮಾಷೆ ಅಲ್ಲ, ಗಾಳಿ ಹೋಗಿ ಚಪ್ಪಟೆ ಆಗುತ್ತೆ. ಆಮೇಲೆ ಗಮನಿಸಿ, ಕಾಲು, ಅಂದ್ರೆ ಪ್ರೆಸರ್ ಫೂಟು, ಗುಡ್ಡ ಹತ್ತುವಾಗ ಮೂತಿ ಮೇಲೆತ್ತುತ್ತೆ. ಓರೆ ಕಾಲಿನ ಕೆಳಗೆ ಬಟ್ಟೆ ಸರಿಯಾಗಿ ಸಾಗಲ್ಲ, ನೀವು ಕೈಯಲ್ಲಿ ಎಳೀತೀರ, ಸೂಜಿ ಬಗ್ಗಿ ಪ್ಲೇಟಿಗೆ ಬಡಿಯುತ್ತೆ. ಜೀನ್ಸಲ್ಲಿ ಸೂಜಿ ಮುರಿಯೋದು ಬಟ್ಟೆ ದಪ್ಪ ಅಂತ ಅಲ್ಲ, ಹೆಚ್ಚಿನ ಸಲ ಈ ಎಳೆಯೋದರಿಂದ. ಕತ್ತರಿಸಿ ಉಳಿದ ಜೀನ್ಸ್ ತುಂಡನ್ನೇ ಮಡಿಚಿ ಕಾಲಿನ ಹಿಂಭಾಗಕ್ಕೆ ಕೊಡಿ, ಕಾಲು ಮಟ್ಟಸ ಆಗುತ್ತೆ. ಕೈಚಕ್ರದಲ್ಲಿ ದಾಟಿಸಿ. ದಪ್ಪ ದಾರ ಬೇಕು ಅಂದ್ರೆ ಮೇಲ್ಗಡೆ ಮಾತ್ರ ಹಾಕಿ, 18ಕ್ಕೆ ಹೋಗಿ, ಬಾಬಿನ್ನಲ್ಲಿ ಮಾಮೂಲು ದಾರ ಇರಲಿ.

— ಅವನ ಜೀನ್ಸು ಎಳೆದ್ರೆ ಹಿಗ್ಗುತ್ತೆ. ಲೈಕ್ರಾ ಇದೆಯಂತೆ.

— ಆದ್ರೂ ನೇಯ್ದದ್ದೇ. ಮೊದಲು ಜೀನ್ಸ್ ಸೂಜೀಲೇ ಹೊಲಿದು ನೋಡಿ. ಜಂಪ್ ಆದ್ರೆ ಮಾತ್ರ ಸ್ಟ್ರೆಚ್ ಸೂಜಿ.

— ಹಾಗಾದ್ರೆ ಕೊಳ್ಳೋದೇನು?

— 11, 14 ಒಂದೊಂದು ಪೊಟ್ಟಣ. ಜೀನ್ಸ್ ಸೂಜಿ 16ರದ್ದು ಒಂದು. ನಿಮ್ಮ ಮನೆ ಕೆಲಸಕ್ಕೆ ವರ್ಷ ಸಾಕು. ಬಿಡಿ ಸೂಜಿ ಕೊಳ್ಳಬೇಡಿ, ಹೆಸರಿಲ್ಲದ್ದಂತೂ ಬೇಡ. ಕಣ್ಣಿನ ಒಳಗೆ ಪಾಲಿಶ್ ಇರಲ್ಲ, ದಾರ ತಿನ್ನುತ್ತೆ.

— ಬಳಸಿದ್ದು ಕೆಟ್ಟಿದೆ ಅಂತ ತಿಳಿಯೋದು ಹೇಗೆ?

— ತುದೀನ ಉಗುರಿನ ಮೇಲೆ ಮೆಲ್ಲಗೆ ಎಳೀರಿ. ಬಿಳಿ ಗೀರು ಬಿದ್ರೆ ತುದಿ ಮಡಿಚಿದೆ. ಬಗ್ಗಿದೆಯಾ ಅಂತ ನೋಡೋಕೆ ಚಪ್ಪಟೆ ಬದಿ ಕೆಳಗಾಗಿ ಕನ್ನಡಿ ಮೇಲೆ ಮಲಗಿಸಿ, ಸೂಜಿ ಮೈಗೂ ಗಾಜಿಗೂ ನಡುವಿನ ಸಂದು ಉದ್ದಕ್ಕೂ ಒಂದೇ ಸಮ ಇರಬೇಕು. ಏಳೆಂಟು ಗಂಟೆ ಹೊಲಿದ ಮೇಲೆ ಬದಲಾಯಿಸಿ ಅಂತಾರೆ, ನಮ್ಮಲ್ಲಿ ಯಾರೂ ಮಾಡಲ್ಲ. ನಾನು ಒಂದು ರೇಷ್ಮೆ ಬ್ಲೌಸಿಗೆ ಒಂದು ಹೊಸ ಸೂಜಿ ಹಾಕ್ತೀನಿ, ಮುಗಿದ ಮೇಲೆ ಅದನ್ನೇ ಹತ್ತಿ ಕೆಲಸಕ್ಕೆ ಇಟ್ಕೊಳ್ತೀನಿ.

— ಮುರಿದ್ರೆ?

— ಎಲ್ಲಾ ಚೂರೂ ಹುಡುಕಿ. ಗಾರ್ಮೆಂಟ್ಸ್‌ನಲ್ಲಿ ಅದು ಕಾನೂನು. ಸೂಜಿ ಮುರಿದ್ರೆ ಹೊಸದು ಕೈಗೆ ಬರೋದು ಹಳೇದರ ಪ್ರತಿ ಚೂರನ್ನೂ ಒಪ್ಪಿಸಿದ ಮೇಲೇನೇ. ರಿಜಿಸ್ಟರಲ್ಲಿ ಚೂರುಗಳನ್ನ ಟೇಪ್ ಹಾಕಿ ಅಂಟಿಸಿ, ತಾರೀಕು, ಮಷಿನ್ ನಂಬರ್ ಬರೀತಾರೆ. ಒಂದು ಚೂರು ಸಿಗಲಿಲ್ಲ ಅಂದ್ರೆ ಆ ಬಟ್ಟೆ ಮುಂದೆ ಹೋಗಲ್ಲ. ಮಕ್ಕಳ ಬಟ್ಟೆ ಹೊರದೇಶಕ್ಕೆ ಹೋಗುತ್ತಲ್ಲ, ಮೆಟಲ್ ಡಿಟೆಕ್ಟರ್ ದಾಟಿಸಿಯೇ ಪ್ಯಾಕ್ ಮಾಡೋದು. ಸೂಪರ್‌ವೈಸರ್ ಬೈತಾನೆ ಅನ್ನೋ ಭಯಕ್ಕೆ ನಾವು ನೆಲದ ಮೇಲೆ ಮಂಡಿಯೂರಿ ಹುಡುಕ್ತಿದ್ವಿ. ಈಗ ಬೈಯೋರು ಯಾರೂ ಇಲ್ಲ, ಆದ್ರೂ ಹುಡುಕ್ತೀನಿ. ನಿಮ್ಮನೇಲಿ ಅಯಸ್ಕಾಂತ ಇದೆಯಾ?

— ಲಾಡದ ಆಕಾರದ್ದು ಒಂದಿದೆ. ಸ್ಕೂಲಿನದು.

— ವಾಪಸ್ ಕೊಡಲಿಲ್ವಾ?

— ಯಾರೂ ಕೇಳಲಿಲ್ಲ.

— ಅದನ್ನ ಮಷಿನ್ ಕೆಳಗೆ, ಪೆಡಲ್ ಸುತ್ತ ಆಡಿಸಿ. ಶಟಲ್ ಬಿಚ್ಚಿ ಅದರ ಒಳಗೂ ಒಮ್ಮೆ ಆಡಿಸಿ, ತುದಿ ಚೂರು ಬೀಳೋದು ಅಲ್ಲೇ ಜಾಸ್ತಿ. ಮೊಮ್ಮಗನ ಪ್ಯಾಂಟಿನ ಮಡಿಕೆ ಒಳಗೂ ನೋಡಿ. ನಾಳೆ ತನ್ನಿ ಪ್ಯಾಂಟನ್ನ, ಆ ಗಂಟು ದಾಟಿಸೋದು ತೋರಿಸ್ತೀನಿ. ಒಗೆದು ತನ್ನಿ, ಹೊಸ ಜೀನ್ಸ್ ಕುಗ್ಗುತ್ತೆ.